ಜೇಬಿನೊಳಗಿನ ಎಡಗೈ

ಮುಚ್ಚಳ ತೆಗೆದ ಯಂತ್ರದ ಮುಂದೆ ಕೂತರೆ ಸಾಕು, ಅವರ ಎಡಗೈ ತಾನಾಗಿ ಪ್ಯಾಂಟಿನ ಜೇಬಿಗೆ ಇಳಿಯುತ್ತಿತ್ತು. ಕೆಲಸವೆಲ್ಲ ಬಲಗೈಯದೇ. ಆ ಬಲಗೈಯ ಎರಡು ಬೆರಳುಗಳಿಗೆ ಉಗುರಿರಲಿಲ್ಲ. ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟು ಮಾಯ್ದ ಚರ್ಮ ಮಿರಿಮಿರಿ ಮಿಂಚುತ್ತಿತ್ತು. ಏನು ಠೀವಿ ಈ ಮನುಷ್ಯನದು ಎಂದುಕೊಂಡು, ಕೈ ಜೇಬಿನಲ್ಲೇಕೆ ಎಂದು ಕೇಳಿಯೇಬಿಟ್ಟೆ. ಅವರು ತಲೆಯೆತ್ತದೆ ಹೇಳಿದರು: “ಕರೆಂಟಿಗೆ ಒಂದ ಕೈ ಕೊಡಬೇಕ್ರಿ ಮಾಸ್ತರ. ಎರಡೂ ಕೊಟ್ರ ನಡುವ ಎದಿ ಬರ್ತದ.”

ಅವರು ಲೈನ್‌ಮನ್ ಆಗಿದ್ದು ನಿವೃತ್ತರಾಗಿ ಅಫಜಲಪುರದ ಕಡೆ ಕರಜಗಿಯಲ್ಲಿದ್ದರು. ನಾನು ಇಜೇರಿಯ ಶಾಲೆಯಲ್ಲಿ ಮಾಸ್ತರ, ಮನೆ ಜೇವರ್ಗಿಯಲ್ಲಿ. ಹೆಡ್‌ಫೋನಿನ ಹುಚ್ಚಿರುವವರ ಒಂದು ಇಂಟರ್ನೆಟ್ ಗುಂಪಿನಲ್ಲಿ, ಮುಂಬೈ ಬೆಂಗಳೂರಿನವರ ನಡುವೆ ಒಬ್ಬರು ತಮ್ಮೂರು ನಮ್ಮ ಪಕ್ಕದ ತಾಲ್ಲೂಕಿನ ಕರಜಗಿ ಎಂದು ಬರೆದದ್ದು ನೋಡಿ ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ಅಂದಿನಿಂದ ಅವರು ನನಗೆ ಕಾಕಾ. ತಿಂಗಳಿಗೊಂದು ಭಾನುವಾರ, ತಾವೇ ಕಟ್ಟಿದ, ಹಳೇ ರೇಡಿಯೋದಂಥ ಗಾಜಿನ ವಾಲ್ವಿನ ಆಂಪ್ಲಿಫೈಯರನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು.

ಬಾಗಿಲಲ್ಲಿ “ಜೈಭೀಮ್” ಅಂದವರು ಚಹಾಕ್ಕೂ ಮೊದಲು ಒಂದು ಕೊಡ ನೀರು ಕೇಳುತ್ತಿದ್ದರು. ಅದನ್ನು ಹಿತ್ತಲ ಗೋಡೆಯ ಬುಡದಲ್ಲಿ ಅರ್ಥಿಂಗ್ ಹುಗಿದ ಗುಂಡಿಗೆ ಸುರಿಯುತ್ತಿದ್ದರು. ಬೇಸಿಗೆಯಲ್ಲಿ ಕರಿಮಣ್ಣು ಬಿರಿದು ಒಣಗಿತೆಂದರೆ ಸೋರಿದ ಕರೆಂಟು ನೆಲಕ್ಕೆ ಇಳಿಯುವುದಿಲ್ಲ, ಮುಟ್ಟಿದವರ ಮೈಗೆ ಇಳಿಯುತ್ತದೆ ಎಂಬುದು ಅವರ ಪಾಠ. “ತುಳಸಿಗೂ ಇಷ್ಟು ನೀರ ಹಾಕಂಗಿಲ್ಲ ನಾವು” ಎಂದು ನನ್ನ ಹೆಂಡತಿ ನಗುತ್ತಿದ್ದಳು. ಕಾಕಾ ನಗುತ್ತಿರಲಿಲ್ಲ.

ಆಮೇಲೆ ನಮ್ಮ ಆಟ. ಒಬ್ಬರ ಕಣ್ಣಿಗೆ ಟವೆಲ್ ಕಟ್ಟಿ ಇನ್ನೊಬ್ಬರು ಹೆಡ್‌ಫೋನು, ಆಂಪ್ಲಿಫೈಯರು ಬದಲಿಸುವುದು. ಯಾವುದು ಮೇಲೆಂದು ಕಣ್ಣು ಕಟ್ಟಿದವರು ಹೇಳುವುದು. ಕೇಳುತ್ತಿದ್ದದ್ದು ಕಾಕಾ ತಮ್ಮೂರಲ್ಲಿ ರೆಕಾರ್ಡ್ ಮಾಡಿದ ಒಂದು ಭಜನೆ. ಅದರಲ್ಲಿ ಎಡಗಡೆ ಒಬ್ಬ ಮುದುಕಿ ಕೆಮ್ಮುತ್ತಾಳೆ. ಆ ಕೆಮ್ಮೇ ಅವರ ಒರೆಗಲ್ಲು. “ಮುದುಕಿ ಎಷ್ಟ ದೂರ ಕುಂತಾಳ ಹೇಳ್ರಿ” ಎನ್ನುತ್ತಿದ್ದರು. ನನ್ನದು ಯಾರೋ ಬಳಸಿ ಮಾರಿದ ದುಬಾರಿ ಆಂಪ್ಲಿಫೈಯರು. ಹಾಡಿನ ಹಿಂದೆ ಸಣ್ಣಗೆ ಗುಂಯ್ ಅನ್ನುತ್ತಿತ್ತು. “ನಿಮ್ಮ ಮುದುಕಿ ಜೇನಗೂಡಿನ ಕೆಳಗ ಕುಂತಾಳ್ರಿ” ಎಂದು ಕಾಕಾ ಪ್ರತಿ ಸಲವೂ ನನ್ನನ್ನು ಸೋಲಿಸುತ್ತಿದ್ದರು.

ಒಂದೇ ಒಂದು ಸಲ ನನ್ನದು ಗೆದ್ದಿತೆಂದು ಅವರ ಬಾಯಿಂದ ಕೇಳಬೇಕಿತ್ತು. ಅಷ್ಟಕ್ಕಾಗಿ ನಾನು ಆ ಕೆಲಸ ಮಾಡಿದೆ. ಪ್ಲಗ್ಗಿನೊಳಗೆ ಅರ್ಥಿಂಗಿಗೆ ಹೋಗುವ ಹಸಿರು ತಂತಿ ಕತ್ತರಿಸಿದರೆ ಗುಂಯ್ ನಿಲ್ಲುತ್ತದೆ ಎಂದು ಎಲ್ಲೋ ಓದಿದ್ದೆ. ಕತ್ತರಿಸಿದೆ, ನಿಂತಿತು. ಅಂದಿನಿಂದ ಪೆಟ್ಟಿಗೆ ಮುಟ್ಟಿದರೆ ಒಮ್ಮೊಮ್ಮೆ ಬೆರಳು ಜುಮ್ಮೆನ್ನುತ್ತಿತ್ತು. ಬೆವರಿಗೆ ಹಾಗಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮುಂದಿನ ಸಲ ಬಂದ ಭಾನುವಾರ ಮಧ್ಯಾಹ್ನ ಕಾಕಾ ಕಣ್ಣು ಕಟ್ಟಿಸಿಕೊಂಡು ಭಜನೆ ಪೂರ್ತಿ ಕೇಳಿದರು. ಟವೆಲ್ ಬಿಚ್ಚಿದಾಗ ಮುಖ ಕಪ್ಪಿಟ್ಟಿತ್ತು.

“ಭಾಳ ಸುಮ್ಮ ಅದ್ರಿ ಮಾಸ್ತರ. ಇಷ್ಟು ಸುಮ್ಮ ಇರಬಾರ್ದು.”

ಹೊಟ್ಟೆಕಿಚ್ಚು ಎಂದುಕೊಂಡು ನಾನು ಒಳಗೊಳಗೇ ಹಿಗ್ಗಿದೆ. ಅವರು ಬಲಗೈಯ ಬೆರಳಿನ ಹಿಂಬದಿಯನ್ನು ಪೆಟ್ಟಿಗೆಗೆ ತಾಗಿಸಿ ತಟ್ಟನೆ ತೆಗೆದರು. ಅಷ್ಟರಲ್ಲಿ ನನ್ನ ಮಗಳು ಬಂದು ಹೆಡ್‌ಫೋನಿಗೆ ಕೈ ಚಾಚಿದಳು. “ಮುಟ್ಟಬ್ಯಾಡ ಬೇ!” ಎಂದು ಅವರು ಕೂಗಿದ ಪರಿಗೆ ಕೂಸು ಅತ್ತೇಬಿಟ್ಟಿತು. ಕಾಕಾ ಸ್ವಿಚ್ಚು ಆರಿಸಿ ಪ್ಲಗ್ ಕಿತ್ತರು.

“ಎಂಟು ದಿನ ಇದು ನನ್ನ ಹಂತೇಕ ಇರ್ಲಿ. ಇದಕ್ಕೇನರ ಮಾಡೀರೇನ್ರಿ?”

“ಏನಿಲ್ಲ ಕಾಕಾ.”

ಅವರು ನನ್ನ ಮುಖವನ್ನೇ ನೋಡಿದರು. ಆ ನೋಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಗೆದ್ದೆ, ಇವರಿಗೆ ನನ್ನದರ ಮೇಲೆ ಆಸೆ ಹುಟ್ಟಿತು ಎಂಬ ಜಂಬದಲ್ಲಿ ನಾನೇ ಅದನ್ನು ಟವೆಲ್ಲಿನಲ್ಲಿ ಕಟ್ಟಿ ಬಸ್ಸಿಗೆ ಏರಿಸಿದೆ. ತಂತಿಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮುಂದಿನ ಸಲ ಹೇಳಿದರಾಯಿತು ಎಂದುಕೊಳ್ಳುವಷ್ಟರಲ್ಲಿ ಬಸ್ಸು ಹೊರಟಿತು.

ನಾಲ್ಕನೆಯ ದಿನ ಫೋನು ಬಂತು. ಕಾಕಾ ಹೋಗಿಬಿಟ್ಟಿದ್ದರು. ಕರೆಂಟು ಹೊಡೆಯಿತೆಂದರು.

ಕರಜಗಿಯ ಆ ಸಣ್ಣ ಕೋಣೆಯ ಮೇಜಿನ ಮೇಲೆ ನನ್ನ ಆಂಪ್ಲಿಫೈಯರು ಮುಚ್ಚಳ ತೆಗೆದು ಮಗ್ಗುಲಾಗಿ ಮಲಗಿತ್ತು. ಪಕ್ಕದಲ್ಲಿ ಅಳತೆಗೆ ಕತ್ತರಿಸಿದ ಹೊಸ ಹಸಿರು ತಂತಿ. ಅದನ್ನು ಜೋಡಿಸುವ ಮೊದಲು ಒಳಗೆ ಕರೆಂಟು ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಅವರು ಸ್ವಿಚ್ಚು ಹಾಕಿದ್ದಿರಬೇಕು. ನಾನು ಅವರ ಹೆಂಡತಿಯ ಮುಂದೆ ಕೂತೆ. ಕೇಳಬಾರದ್ದನ್ನು ಕೇಳಿದೆ.

“ಕಾಕಿ, ಅವರ ಎಡಗೈ ಎಲ್ಲಿತ್ರಿ?”

“ಎರಡೂ ಕೈ ಡಬ್ಬಿ ಮ್ಯಾಲ ಇದ್ದೂವಪಾ. ಮನ್ಯಾಗ ಲುಂಗಿ ಮ್ಯಾಲ ಇದ್ರು.”

ಲುಂಗಿಗೆ ಜೇಬಿರುವುದಿಲ್ಲ. ಇಷ್ಟು ವರ್ಷ ಅವರನ್ನು ಕಾದದ್ದು ಆ ಜೇಬು. ಅವರ ಮುಂದೆ ಆ ಡಬ್ಬಿ ತಂದಿಟ್ಟವನು ನಾನು. ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ: ತಂತಿ ಕತ್ತರಿಸಿದ್ದು, ಕೇಳಿದಾಗ ಸುಳ್ಳು ಹೇಳಿದ್ದು. ಬೈಯುತ್ತಾರೆ, ಬೈಯಲಿ ಎಂದು ತಲೆ ತಗ್ಗಿಸಿದೆ. ಕಾಕಿ ಬೈಯಲಿಲ್ಲ. ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದರು:

“ಅವ್ರಿಗಿ ಗೊತ್ತಿತ್ತು. ಮಾಸ್ತರ ತಂತಿ ಕಡದಾರ, ನಾಚಿಕಿಗಿ ಹೇಳಾಕ ಆಗಿಲ್ಲ ಅಂದ್ರು. ಆ ಕೂಸು ಕಿವಿಗಿ ಹಾಕ್ಕೋತದ, ಮೊದಲ ಇದನ್ನ ಮುಗಸ್ತೇನಿ ಅಂತ ಮುಂಜಾನಿಂದ ಕುಂತಿದ್ರು.”

ಮಗಳಿಗೆ ನಾನು ಇದನ್ನಿನ್ನೂ ಹೇಳಿಲ್ಲ. ದೊಡ್ಡವಳಾದ ಮೇಲೆ ಹೇಳಬೇಕು. ಹೇಳಲು ಬಾಯಿ ಬರುತ್ತದೋ ಇಲ್ಲವೋ ತಿಳಿಯದು. ನನ್ನ ಆಂಪ್ಲಿಫೈಯರನ್ನು ಮತ್ತೆಂದೂ ಹಚ್ಚಲಿಲ್ಲ. ಕಾಕಾ ಕಟ್ಟಿದ್ದನ್ನು ಕಾಕಿ ನನಗೇ ಕೊಟ್ಟರು. ಭಾನುವಾರ ಮೊದಲು ಹಿತ್ತಲಿನ ಗುಂಡಿಗೆ ಒಂದು ಕೊಡ ನೀರು ಸುರಿದು, ಆಮೇಲೆ ಅದನ್ನು ಹಚ್ಚುತ್ತೇನೆ. ಮುದುಕಿ ಎಡಗಡೆ ಕೂತು ಕೆಮ್ಮುತ್ತಾಳೆ. ಅದರಲ್ಲೂ ಕಿವಿಗೊಟ್ಟರೆ ಹಿಂದೆ ಒಂದು ಸಣ್ಣ ಗುಂಯ್ ಇದೆ.

“ಅಪ್ಪಾ, ಇದು ಗುಂಯ್ ಅಂತದ” ಎಂದು ಮಗಳು ಹೆಡ್‌ಫೋನು ಸರಿಸಿ ನನ್ನ ಕಡೆ ನೋಡುತ್ತಾಳೆ.

“ಅನ್ಲಿ ಬಿಡವ್ವ” ಎನ್ನುತ್ತೇನೆ.