ಬಳೆ ಬಿಚ್ಚಿಟ್ಟ ಕೈ

ಶಿರಾದ ಬಳೆಗಾರ್ತಿ ಕರೀಮುನ್ನೀಸಾ ಬಾಯಿ ತೆರೆಯುವ ಮೊದಲೇ ಅವಳ ಕೈ ಮಾತಾಡುತ್ತದೆ. ಮಾರುವ ಗಾಜಿನ ಬಳೆಯನ್ನು ತಾನೇ ಮೊಳಕೈವರೆಗೂ ತೊಟ್ಟು ತೋರಿಸುವುದು ಅವಳ ವ್ಯಾಪಾರದ ಪದ್ಧತಿ. ಕೆರೆ ಏರಿ ಮೇಲೆ ಬರುವಾಗಲೇ ಸದ್ದು ಕೇಳಿ ಮದಲೂರಿನ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಾರೆ ಎನ್ನುತ್ತಾಳೆ. ಅರ್ಧ ನಂಬಿದರೆ ಸಾಕು. ಗಂಡ ಇರುವವರೆಗೆ ಕೈ ಬರಿದು ಮಾಡಬಾರದು ಎಂದು ಅವಳ ತಾಯಿ ಹೇಳಿದ್ದಳು. ಗಂಡ ಜಹೀರ್ ಅಹಮದ್ ಗುಂಡುಕಲ್ಲಿನಂತಿದ್ದಾನೆ. ಹಾಗಾಗಿ ಅವಳು ನಿದ್ದೆಯಲ್ಲೂ ಸದ್ದು ಮಾಡುತ್ತಾಳೆ.

ಮೂರು ವರ್ಷದ ಮೊಮ್ಮಗಳು ಖುಷ್ನುಮಾಗೆ ಕಿವಿ ಚೆನ್ನಾಗಿದ್ದರೂ ಹೆಸರು ಕೂಗಿದರೆ ತಿರುಗುವುದಿಲ್ಲ. ಮಾತೂ ಬಂದಿಲ್ಲ. ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತರೆ ಯಾರೂ ಬೇಡ. ಅವಳಿಗಾಗಿ ಆರೋಗ್ಯ ಕಾರ್ಯಕರ್ತೆ ಗಂಗಲಕ್ಷ್ಮಿ ಒಂದು ಟ್ಯಾಬ್ ತಂದಳು. ಮಗು ಅದರಲ್ಲಿ ಚಿತ್ರ ನೋಡುವಾಗ ಮನೆಯವರು ಹಿಂದೆ ನಿಂತು ಹೆಸರು ಕರೆಯಬೇಕು. ಮಗುವಿನ ಕಣ್ಣು, ಕತ್ತು ಎತ್ತ ಹೊರಳುತ್ತವೆಂದು ಒಳಗಿನ ಕೃತಕ ಬುದ್ಧಿಮತ್ತೆ ಗಮನಿಸುತ್ತದೆ. ಆಟಿಸಂ ಇರಬಹುದು ಅನ್ನಿಸಿದರೆ ತಿಳಿಸುತ್ತದೆ. ತುಮಕೂರಿನ ಡಾಕ್ಟರು ಅದನ್ನು ಖಚಿತಪಡಿಸಿದರೆ ಮಾತು, ಆಟ ಕಲಿಸುವವರು ಸಿಗುತ್ತಾರೆ. ಇಷ್ಟನ್ನೂ ಗಂಗಲಕ್ಷ್ಮಿ ಬಿಡಿಸಿ ಹೇಳಿದಳು. ಕರೀಮುನ್ನೀಸಾಳ ತಲೆಗೆ ಹೋದದ್ದು ಟೆಸ್ಟ್ ಎಂಬುದೊಂದೇ. ಟೆಸ್ಟ್ ಅಂದಮೇಲೆ ತನ್ನ ಮೊಮ್ಮಗಳು ಪಾಸಾಗಬೇಡವೇ?

ಕರೆಯುವ ಕೆಲಸವನ್ನು ತಾನೇ ವಹಿಸಿಕೊಂಡು, ಪ್ರತಿ ಸಲವೂ ಕೈಯನ್ನು ಮೆಲ್ಲಗೆ ಕುಲುಕಿದಳು. ಬಳೆ ಸದ್ದೆಂದರೆ ಪ್ರಾಣ ಬಿಡುವ ಮಗು ಪ್ರತಿ ಸಲವೂ ತಿರುಗಿತು. ಅವಳ ಬಳೆ ಯಾವಾಗಲೂ ಸದ್ದು ಮಾಡುವುದರಿಂದ ಗಂಗಲಕ್ಷ್ಮಿಗೂ ಅನುಮಾನ ಬರಲಿಲ್ಲ. ಸದ್ಯಕ್ಕೆ ಚಿಂತೆಯಿಲ್ಲ ಎಂದಿತು ಟ್ಯಾಬ್. ಕರೀಮುನ್ನೀಸಾ ಓಣಿಗೆಲ್ಲ ಜಿಲೇಬಿ ಹಂಚಿದಳು. ಮಗುವಿನ ತಾಯಿ, ಸೊಸೆ ಅಂಬ್ರೀನ್ ಮಾತ್ರ ತನ್ನ ಪಾಲನ್ನು ಮುಟ್ಟಲಿಲ್ಲ.

ಆ ವಾರವೇ ಖುಷ್ನುಮಾ ಬೀದಿಗಿಳಿದಳು. ಎದುರಿಗೆ ಬೈಕು ಬರುತ್ತಿತ್ತು. ಅಂಬ್ರೀನ್ ಒಳಗಿಂದ ಒಂದೇ ಸಮನೆ ಕೂಗಿದಳು. ವ್ಯಾಪಾರಕ್ಕೆ ಹೊರಟಿದ್ದ ಕರೀಮುನ್ನೀಸಾಳ ಎರಡೂ ಕೈ ತಲೆಯ ಮೇಲಿನ ಮಲಾರದ ಬಳೆಗಂಟು ಹಿಡಿದಿದ್ದವು, ಕುಲುಕಲಾಗಲಿಲ್ಲ. ಮಗು ತಿರುಗಲಿಲ್ಲ. ಬೈಕಿನವನೇ ಹೇಗೋ ನಿಲ್ಲಿಸಿದ. ಕರೀಮುನ್ನೀಸಾ ಗಂಟು ಇಳಿಸಿ ಮಗುವನ್ನು ಬಾಚಿಕೊಂಡಳು. ತಾನಿಲ್ಲದ ದಿನ ಈ ಮಗುವಿನ ಬೆನ್ನ ಹಿಂದೆ ಯಾರು ಬಳೆ ಕುಲುಕುತ್ತಾರೆ?

ನೇರ ಗಂಗಲಕ್ಷ್ಮಿಯ ಮನೆಗೆ ಹೋದಳು. "ಇನ್ನೊಂದ್ಸಲ ಟೆಸ್ಟ್ ಮಾಡಮ್ಮ. ಅವತ್ತು ಪಾಸಾಗಿದ್ದು ನನ್ನ ಬಳೆ ಕಣಮ್ಮ, ಕೂಸಲ್ಲ."

ಗಂಗಲಕ್ಷ್ಮಿ ಮೊದಲು ಬೈದಳು, ಆಮೇಲೆ ನಕ್ಕಳು, ಕೊನೆಗೆ ಟ್ಯಾಬ್ ಎತ್ತಿಕೊಂಡು ಬಂದಳು.

ಈ ಸಲ ಕರೀಮುನ್ನೀಸಾ ಬಳೆಗಳನ್ನು ಒಂದೊಂದಾಗಿ ಬಿಚ್ಚಿ ಸೊಸೆಯ ಮಡಿಲಿಗೆ ಹಾಕಿದಳು. ಮದುವೆಯಾದಾಗಿನಿಂದ ಆ ಕೈ ಬರಿದಾಗಿದ್ದನ್ನು ಯಾರೂ ಕಂಡಿರಲಿಲ್ಲ. ಬಾಗಿಲಲ್ಲಿ ನಿಂತ ಜಹೀರ್ ಅಹಮದ್ ಗಾಬರಿಯಾದ.

"ಒಂದು ಗಳಿಗೆ ಗಟ್ಟಿಯಾಗಿರಿ, ಸಾಕು," ಎಂದಳು.

"ಇದೀನಿ, ಬೇಗ ಮುಗಿಸು," ಎಂದ ಅವನು.

ಅವಳು ಕರೆದಳು. ಮಗು ಚಿತ್ರವನ್ನೇ ನೋಡುತ್ತಿತ್ತು. ಮತ್ತೆ ಕರೆದಳು, ತನಗೆ ಗೊತ್ತಿರುವಷ್ಟೂ ಅಕ್ಕರೆಯಿಂದ. ಕೈ ತಾನಾಗಿ ಮೇಲೆದ್ದು ಅಲುಗಿತು, ಸದ್ದು ಬರಲಿಲ್ಲ. ಮಗು ತಿರುಗಲೂ ಇಲ್ಲ.

ಡಾಕ್ಟರಿಗೆ ತೋರಿಸಿ ಎಂದಿತು ಟ್ಯಾಬ್. ಗಂಗಲಕ್ಷ್ಮಿ ಆಗಲೇ ತುಮಕೂರಿಗೆ ಫೋನು ಹಚ್ಚಿದಳು.

ಕರೀಮುನ್ನೀಸಾ ಬರಿಗೈಯಿಂದ ಕಣ್ಣೊರೆಸಿಕೊಂಡು, ಗಂಡನನ್ನು ಜಿಲೇಬಿ ತರಲು ಅಟ್ಟಿದಳು. ಫೇಲಾದದ್ದಕ್ಕೆ ಜಿಲೇಬಿಯೇ ಎಂದು ಓಣಿಯವರು ನಕ್ಕರು. ಈ ಸಲ ಅಂಬ್ರೀನ್ ಎರಡು ತಿಂದಳು.