ಲಾರಿಯ ಹಿಂದೆ ಬರೆದ ನಂಬರು

ನಸೀರ್ ಸಾಬರು ನನ್ನ ದುಡ್ಡು ಮುಟ್ಟಿರಲಿಲ್ಲ. ಒಂದು ರೂಪಾಯಿಯನ್ನೂ ಮುಟ್ಟಿರಲಿಲ್ಲ. ಅವರನ್ನು ನಾಲ್ಕು ಜನರ ಮುಂದೆ ಕಳ್ಳನೆಂದು ಕರೆದ ಒಂಬತ್ತನೇ ದಿನವೇ ಇದು ನನಗೆ ಗೊತ್ತಾಗಿತ್ತು — ಆರು ವರ್ಷದ ಹಿಂದೆ. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಈ ಆರು ವರ್ಷ ಉಂಡೆ, ವ್ಯಾಪಾರ ಮಾಡಿದೆ, ಸೋಮವಾರ ಸೋಮವಾರ ಈಶ್ವರನ ಗುಡಿಗೆ ಹೋಗಿ ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದೆ.

ನಾನು ಮಹದೇವಪ್ಪ, ಜನರ ಬಾಯಲ್ಲಿ ಮಾದಪ್ಪ. ಊರು ಭೀಮನಬೀಡು. ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿ, ಕೇರಳಕ್ಕೆ ಹೋಗಿಬರುವ ಒಂದು ಲಾರಿ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಡುಮ್ಕಿ ಹೊಡೆದವನು, ಆದರೆ ಬಾಯಿಲೆಕ್ಕದಲ್ಲಿ ನನ್ನನ್ನು ಹಿಡಿಯುವವರಿರಲಿಲ್ಲ. ಎಪ್ಪತ್ತಮೂರು ಮೂಟೆ, ಮೂಟೆಗೆ ಇಷ್ಟು, ಕಮಿಷನ್ ಇಷ್ಟು, ಹಮಾಲಿ ಇಷ್ಟು — ಎದುರಿನವನು ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ ಹೇಳಿ ಮುಗಿಸುತ್ತಿದ್ದೆ. "ಮಾದಪ್ನೋರ ಲೆಕ್ಕ ತಪ್ಪಕ್ಕಿಲ್ಲ ಬುಡು" ಎನ್ನುತ್ತಿದ್ದರು ಜನ. ಆ ಮಾತು ಕೇಳಿದರೆ ನನಗೆ ಹೊಟ್ಟೆ ತುಂಬುತ್ತಿತ್ತು. ಅದನ್ನು ಉಳಿಸಿಕೊಳ್ಳಲಿಕ್ಕೇ ನಾನು — ಇರಲಿ, ಮೊದಲಿನಿಂದ ಹೇಳುತ್ತೇನೆ.

ನಸೀರ್ ಸಾಬರು ಲಾರಿಗಳಿಗೆ ಬಣ್ಣ ಹೊಡೆಯುವವರು. ಲಾರಿ ಸ್ಟ್ಯಾಂಡಿನ ಹುಣಸೆಮರದ ಕೆಳಗೆ ಅವರ ಡಬ್ಬಗಳು, ಬ್ರಷ್‌ಗಳು. ಹಿಂದಿನ ಹಲಗೆಯ ಮೇಲೆ ಅವರು ನಂಬರು ಬರೆದರೆ ನೂರು ಗಜದಿಂದ ಓದಬಹುದಿತ್ತು. ಮನೆಯಲ್ಲಿ ಉರ್ದು ಮಾತಾಡುವ ಆ ಮನುಷ್ಯನ ಕನ್ನಡ ಅಕ್ಷರ ನಮ್ಮ ಮೇಷ್ಟರ ಅಕ್ಷರಕ್ಕಿಂತ ದುಂಡಗಿತ್ತು. ಅವರ ಮರದಿಂದ ಹತ್ತು ಹೆಜ್ಜೆಗೆ ಒಂದು ಎಟಿಎಂ. ಬೆಳಿಗ್ಗೆ ಹರಾಜಿನ ಹೊತ್ತಿನಲ್ಲಿ ಮಂಡಿ ಬಿಟ್ಟು ಕದಲುವ ಹಾಗಿಲ್ಲ; ಹಮಾಲರಿಗೆ ಮಾತ್ರ ಮಧ್ಯಾಹ್ನದೊಳಗೆ ಬಟವಾಡೆ ಆಗಬೇಕು. ಹಾಗಾಗಿ ನಾವು ಐದಾರು ಮಂಡಿಯವರು ನಮ್ಮ ಕಾರ್ಡುಗಳನ್ನು ಸಾಬರ ಕೈಗೆ ಕೊಟ್ಟುಬಿಡುತ್ತಿದ್ದೆವು. ಅವರು ಒಂದೊಂದನ್ನೂ ಬೇರೆ ಬೇರೆ ಲಕೋಟೆಯಲ್ಲಿಟ್ಟು, ಮೇಲೆ ಹೆಸರು ಬರೆದು, ದುಡ್ಡು ತೆಗೆದು, ಮೆಷಿನ್ನಿನ ಚೀಟಿಯನ್ನು ನೋಟಿಗೆ ಸುತ್ತಿ ರಬ್ಬರ್ ಹಾಕಿ ತಂದು ಕೊಡುತ್ತಿದ್ದರು. ಒಂದು ಟೀ ಕುಡಿಸಿದರೆ ಕುಡಿಯುತ್ತಿದ್ದರು. ಅಷ್ಟೇ ಕೂಲಿ.

ಪಿನ್ ನಂಬರ್ ಹೇಳಿಕೊಡುವ ಕೆಲಸವೂ ಇರಲಿಲ್ಲ. ನಮ್ಮ ಕಡೆ ಲಾರಿ ಇಟ್ಟವರೆಲ್ಲ ಮಾಡಿಕೊಂಡಿದ್ದು ಒಂದೇ ಉಪಾಯ — ಮರೆತುಹೋಗಬಾರದು ಅಂತ ಲಾರಿಯ ನಾಲ್ಕು ನಂಬರನ್ನೇ ಪಿನ್ ಮಾಡಿಕೊಂಡಿದ್ದೆವು. ಗುಟ್ಟಾಗಿಡಬೇಕಾದ್ದನ್ನು ಹಳದಿ ಬಣ್ಣದಲ್ಲಿ, ಒಂದಡಿ ಎತ್ತರಕ್ಕೆ ಬರೆಸಿ, ಕೋಝಿಕ್ಕೋಡಿನ ತನಕ ಮೆರವಣಿಗೆ ಮಾಡುತ್ತಿದ್ದ ಬುದ್ಧಿವಂತರು ನಾವು. ಇದರಲ್ಲಿ ತಪ್ಪಿದೆ ಎಂದು ಒಬ್ಬನಿಗೂ ಹೊಳೆದಿರಲಿಲ್ಲ.

ಆ ವರ್ಷ ಕೇರಳದ ವ್ಯಾಪಾರಿಯಿಂದ ಬರಬೇಕಾದ ಬಾಕಿ ತಡವಾಯಿತು. ನನಗೆ ಬ್ಯಾಂಕಿನಲ್ಲಿ ಓ.ಡಿ. ಖಾತೆಯಿತ್ತು. ಖಾತೆಯಲ್ಲಿ ನಮ್ಮ ದುಡ್ಡು ಇಲ್ಲದಿದ್ದರೂ ಒಂದು ಮಿತಿಯ ತನಕ ತೆಗೆಯಬಹುದು, ತೆಗೆದದ್ದಕ್ಕೆ ಬಡ್ಡಿ. ಮಿತಿ ಎಷ್ಟು, ಎಷ್ಟು ತೆಗೆದಿದ್ದೇನೆ, ಎಲ್ಲಾ ನನ್ನ ತಲೆಯಲ್ಲೇ. ಒಂದು ಸೋಮವಾರ ಸಾಬರ ಕೈಯಲ್ಲಿ ಹತ್ತು ಸಾವಿರ ತರಿಸಿದೆ. ಶುಕ್ರವಾರ ಗೋಣಿಚೀಲದವರಿಗೆ ಕೊಟ್ಟಿದ್ದ ಚೆಕ್ಕು ವಾಪಸು ಬಂತು. ನಾನು, ಚೆಕ್ಕು ವಾಪಸಾದವನು! ಓಡಿಹೋಗಿ ಮೆಷಿನ್ನಿಗೆ ಕಾರ್ಡು ಹಾಕಿ ಚೀಟಿ ತೆಗೆದೆ. ನನ್ನ ತಲೆಯ ಲೆಕ್ಕಕ್ಕೂ ಆ ಚೀಟಿಗೂ ಹನ್ನೊಂದು ಸಾವಿರದ ನಾನೂರ ಎಂಬತ್ತು ರೂಪಾಯಿ ವ್ಯತ್ಯಾಸ. ಚೀಟಿಯ ತುಂಬ ಇಂಗ್ಲಿಷಿನ ತುಂಡು ಅಕ್ಷರಗಳು. ಫೋನಿಗೆ ಮೆಸೇಜುಗಳೂ ಬಂದಿದ್ದವು, ಸುಳ್ಳು ಹೇಳುವುದಿಲ್ಲ — ಅವೂ ಇಂಗ್ಲಿಷಿನಲ್ಲೇ, ಸಾಲ ಬೇಕಾ ಎಂದು ಕೇಳುವ ಮೆಸೇಜುಗಳ ಜೊತೆ ಅವನ್ನೂ ಅಳಿಸಿಹಾಕಿದ್ದೆ.

ಓದಲು ಬರುವ ಯಾರನ್ನಾದರೂ ಕೇಳಬಹುದಿತ್ತು. ಬ್ಯಾಂಕು ಎದುರಿಗೇ ಇತ್ತು. ಆದರೆ ನನ್ನ ಲೆಕ್ಕ ತಪ್ಪಿರಬಹುದು ಎಂಬ ಯೋಚನೆ ನನ್ನ ತಲೆಯ ಹತ್ತಿರಕ್ಕೂ ಸುಳಿಯಲಿಲ್ಲ. ಲೆಕ್ಕ ಸರಿಯಿದ್ದು ದುಡ್ಡು ಇಲ್ಲವೆಂದರೆ ಯಾರೋ ತೆಗೆದಿದ್ದಾರೆ. ಕಾರ್ಡು ಹೋಗಿದ್ದು ಒಬ್ಬರ ಕೈಗೆ. ನೇರವಾಗಿ ಪುಟ್ಟಸ್ವಾಮಿಯ ಟೀ ಅಂಗಡಿಗೆ ನಡೆದೆ. ಸಾಬರು ಅಲ್ಲಿ ಬೆಂಚಿನ ಮೇಲೆ ಕುಳಿತಿದ್ದರು. ಮಂಡಿಯವರು, ಡ್ರೈವರುಗಳು, ಎಲ್ಲರೂ ಇದ್ದರು.

"ಏನ್ ಸಾಬ್ರೆ, ಈ ಸತಿ ಕೂಲಿನ ನೀವೇ ತಗಂಡ್ಬುಟ್ರಾ?" ಎಂದೆ. ಅವರಿಗೆ ಅರ್ಥವಾಗಲಿಲ್ಲ, ನಕ್ಕರು. ಆ ನಗು ನೋಡಿ ನನ್ನ ಮೂಗಿನ ತುದಿಯ ಕೋಪ ನೆತ್ತಿಗೇರಿತು. ಹನ್ನೊಂದು ಸಾವಿರದ ವಿಷಯ ಅಲ್ಲೇ ಕಿರುಚಿದೆ.

"ಹತ್ ಸಾವ್ರ ತಂದ್ಕೊಟ್ಟೆ ಮಾದಪ್ನೋರೆ, ಚೀಟಿನೂ ಕೊಟ್ಟೆ. ಇನ್ನೊಂದ್ಸತಿ ಲೆಕ್ಕ ನೋಡ್ಕಳಿ," ಎಂದರು.

ನೋಡಿಕೊಳ್ಳಿ ಎಂದರು. ನನಗೆ! ಆಗ ಆಡಿದೆ ಆ ಮಾತನ್ನು —

"ನಂಬರ್ ಬರ್ದೋನ್ಗೆ ನಂಬರ್ ಗೊತ್ತಿರಕ್ಕಿಲ್ವಾ?"

ಪ್ರತಿಯೊಬ್ಬನೂ ತನ್ನ ಲಾರಿಯ ಹಿಂದಿನ ನಂಬರನ್ನು ನೆನೆಸಿಕೊಳ್ಳುತ್ತಿದ್ದುದು ನನಗೆ ಕಾಣುತ್ತಿತ್ತು. ಸಾಬರು ಎದ್ದು ನಿಂತು ಅಂಗಿಯ ಜೇಬನ್ನು ಹೊರಕ್ಕೆ ಎಳೆದು ತೋರಿಸಿದರು — ಒಂದು ಸೀಮೆಸುಣ್ಣದ ತುಂಡು, ಗೆರೆ ಹೊಡೆಯುವ ದಾರ, ಹತ್ತರ ಎರಡು ನೋಟು. ಯಾವನೋ ಒಬ್ಬ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡ್ನಂತೆ" ಎಂದ. ನಕ್ಕರು. ನಾನೂ ನಕ್ಕೆ.

ಮಧ್ಯಾಹ್ನದೊಳಗೆ ಎಲ್ಲರೂ ತಮ್ಮ ಕಾರ್ಡು ವಾಪಸು ಇಸಿದುಕೊಂಡರು. ನನ್ನ ಹೆಂಡತಿ ಗೌರಮ್ಮ ಮಾತ್ರ, "ಸಾಬ್ರು ಅಂತೋರಲ್ಲ ಕಣ್ರೀ, ದುಡುಕ್ಬುಟ್ರಿ" ಎಂದಳು. ಅವಳಿಗೂ ರೇಗಿದೆ. ಬ್ಯಾಂಕಿಗೆ ಹೋಗಿ ಕಾರ್ಡು ನಿಲ್ಲಿಸಿ, ಮೋಸವಾಗಿದೆ ಎಂದು ಅರ್ಜಿ ಬರೆದುಕೊಟ್ಟೆ. ಅವರು ಖಾತೆಯ ಉದ್ದನೆಯ ಇಂಗ್ಲಿಷ್ ಪಟ್ಟಿ ಕೊಟ್ಟು, ಯಾವ ಸಾಲು ನಿಮ್ಮದಲ್ಲ ಎಂದು ಗುರುತು ಹಾಕಿ ತನ್ನಿ ಎಂದರು. ಗುರುತು ಹಾಕಲು ಅದನ್ನು ಓದಬೇಕಲ್ಲ. ಗುಂಡ್ಲುಪೇಟೆಯಲ್ಲಿ ಯಾರ ಮುಂದೆ ಹಿಡಿಯಲಿ? ಮಾದಪ್ಪನಿಗೆ ಪಟ್ಟಿ ಓದಲು ಬರುವುದಿಲ್ಲ ಎಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಮುಂದಿನ ವಾರ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದೆ. ಅಲ್ಲಿನ ಶಾಖೆಯಲ್ಲಿ ನನ್ನ ಮುಖ ಕಂಡವರಿರಲಿಲ್ಲ.

ಅಲ್ಲಿ ಒಬ್ಬ ಮೇಡಂ, ನನ್ನ ಮಗಳ ವಯಸ್ಸು, ಕೆಂಪು ಪೆನ್ನು ಹಿಡಿದು ಒಂದೊಂದೇ ಸಾಲು ಕನ್ನಡದಲ್ಲಿ ಬಿಡಿಸಿ ಹೇಳಿದಳು. ಲಾರಿಯ ಗಾಜಿಗೆ ಅಂಟಿಸಿದ್ದ ಟೋಲಿನ ಸ್ಟಿಕ್ಕರಿನಲ್ಲಿ ದುಡ್ಡು ಮುಗಿದಾಗೆಲ್ಲ ಖಾತೆಯಿಂದ ತಾನೇ ಎಳೆದುಕೊಂಡಿದ್ದು ಎರಡೆರಡು ಸಾವಿರದಂತೆ ಮೂರು ಸಲ. ಓ.ಡಿ. ನವೀಕರಣದ ಶುಲ್ಕ, ತೆರಿಗೆ ಸೇರಿ ಮೂರು ಸಾವಿರದ ಐನೂರ ನಲವತ್ತು. ಇವೆರಡರಿಂದ ಮಿತಿ ಮೀರಿತ್ತು. ಅದಕ್ಕೆ ದಂಡಬಡ್ಡಿ ಸಾವಿರದ ಮುನ್ನೂರ ಐವತ್ತು. ಚೆಕ್ಕು ವಾಪಸಾದದ್ದಕ್ಕೆ ಐನೂರ ತೊಂಬತ್ತು. ಅವಳು ಕೂಡುವ ಮುಂಚೆ ನಾನೇ ಕೂಡಿದೆ — ಬಾಯಿಲೆಕ್ಕ. ಹನ್ನೊಂದು ಸಾವಿರದ ನಾನೂರ ಎಂಬತ್ತು.

"ಯಾರೂ ಕದ್ದಿಲ್ಲ ಸರ್. ಎಲ್ಲದಕ್ಕೂ ನೀವೇ ಸೈನ್ ಹಾಕಿದ್ದೀರಲ್ಲ," ಎಂದಳು.

ಹಾಕಿದ್ದೆ. ಇಲ್ಲೊಂದು, ಇಲ್ಲೊಂದು ಎಂದು ಬೆರಳಿಟ್ಟ ಕಡೆಯೆಲ್ಲ ಹಾಕಿದ್ದೆ. ಟೋಲಿನ ಸ್ಟಿಕ್ಕರನ್ನು ಖಾತೆಗೆ ಜೋಡಿಸಿ ಎಂದವನೂ ನಾನೇ. ಆ ಮೇಡಮ್ಮಿಗೆ ನಮಸ್ಕಾರ ಹೇಳಿ ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತೆ. ಗುಂಡ್ಲುಪೇಟೆಯ ಎರಡು ಬಸ್ಸು ಹೋದವು, ಹತ್ತಲಿಲ್ಲ. ಹೋಗಿ ಹೇಳಿಬಿಡಬೇಕು ಎಂದುಕೊಂಡೆ. ಮೂರನೇ ಬಸ್ಸು ಹತ್ತುವಾಗಲೂ ಹಾಗೆಯೇ ಅಂದುಕೊಂಡಿದ್ದೆ. ಊರು ಹತ್ತಿರ ಬಂದ ಹಾಗೆಲ್ಲ — ಏನೆಂದು ಹೇಳುವುದು? ನನ್ನ ಲೆಕ್ಕ ತಪ್ಪಿತ್ತು ಎಂದೇ? ಓದಲು ಬರಲಿಲ್ಲ ಎಂದೇ?

ಬ್ಯಾಂಕಿನ ಅರ್ಜಿಯನ್ನು ಸದ್ದಿಲ್ಲದೆ ವಾಪಸು ತೆಗೆದುಕೊಂಡೆ. ಇನ್ನು ಇದಕ್ಕಿಂತ ದೊಡ್ಡ ಪಾಪ ಹೇಳಬೇಕು. ಒಂದು ದಿನ ಟೀ ಕುಡಿಯುತ್ತಿದ್ದಾಗ ಪುಟ್ಟಸ್ವಾಮಿ ಕೇಳಿದ, "ದುಡ್ಡೇನಾಯ್ತು ಮಾದಪ್ನೋರೆ, ಬಂತಾ?"

"ಬಂತು ಬುಡು, ಮುಗ್ದೋಯ್ತು," ಎಂದೆ.

ಅಷ್ಟೇ. ಮಾತು ಅಲ್ಲಿಗೆ ನಿಲ್ಲಲಿ ಅಂತ ಹೇಳಿದ್ದು ಎಂದು ನನ್ನನ್ನು ನಾನೇ ನಂಬಿಸಿಕೊಂಡೆ. ಆದರೆ ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದನ್ನು ಕಂಡೆ. ಸಾಬರು ಕದ್ದಿದ್ದು ನಿಜ, ಹೆದರಿ ಗುಟ್ಟಾಗಿ ವಾಪಸು ಕೊಟ್ಟಿದ್ದಾರೆ — ಅವರಿಗೆ ಹಾಗೆ ಅರ್ಥವಾಯಿತು. ಹಾಗೆ ಅರ್ಥವಾದದ್ದು ನನಗೂ ಅರ್ಥವಾಯಿತು. ನಾನು ಲೋಟ ಇಟ್ಟು ಎದ್ದು ಬಂದೆ. ಮೊದಲನೆಯ ಮಾತನ್ನು ಕೋಪದಲ್ಲಿ ಆಡಿದ್ದೆ. ಎರಡನೆಯದನ್ನು ಆಡಿದಾಗ ನನಗೆ ಯಾವ ಕೋಪವೂ ಇರಲಿಲ್ಲ.

ಅಲ್ಲಿಂದ ಮುಂದೆ ಸಾಬರ ಹತ್ತಿರ ನಂಬರು ಬರೆಸುವವರು ಇಲ್ಲವಾದರು. ಅವರಿಂದ ನಂಬರು ಬರೆಸುವುದೆಂದರೆ ತಿಜೋರಿಯ ಬೀಗದ ಕೈ ಕೊಟ್ಟ ಹಾಗೆ ಎಂದು ತಮಾಷೆ ಹುಟ್ಟಿಕೊಂಡಿತು. ಅವರ ಮಸೀದಿಯ ಚಂದಾ ದುಡ್ಡು ಎಷ್ಟೋ ವರ್ಷದಿಂದ ಅವರ ಕೈಯಲ್ಲೇ ಇರುತ್ತಿತ್ತು. ಯಾರೂ ಕೇಳುವ ಮುಂಚೆ ಅವರೇ ಅದನ್ನು ಬಿಟ್ಟುಕೊಟ್ಟರಂತೆ. ನಾಲ್ಕು ತಿಂಗಳಾದ ಮೇಲೆ ಹುಣಸೆಮರದ ಕೆಳಗೆ ಡಬ್ಬಗಳಿರಲಿಲ್ಲ. ಚಾಮರಾಜನಗರಕ್ಕೆ ಹೋದರು ಎಂದರು. ನನಗೆ ಸಮಾಧಾನವಾಯಿತು. ಇನ್ನು ದಿನಾ ಅವರ ಮುಖ ನೋಡಬೇಕಿಲ್ಲವಲ್ಲ ಎಂಬ ಸಮಾಧಾನ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆದಿದ್ದೇನೆ.

ಹೋದ ತಿಂಗಳು ಜಮೀನಿನ ಕಾಗದದ ಕೆಲಸಕ್ಕೆ ಚಾಮರಾಜನಗರಕ್ಕೆ ಹೋಗಿದ್ದೆ. ಒಂದು ಸಂದಿಯಲ್ಲಿ ಹೊಸ ಬೋರ್ಡು ಕಂಡಿತು. ಅಕ್ಷರ ನೋಡಿದ ಕೂಡಲೇ ಕಾಲು ನಿಂತಿತು. ಒಳಗೆ ಸಾಬರು ನೆಲದ ಮೇಲೆ ಕುಳಿತು ತಗಡಿಗೆ ಬಣ್ಣ ಹೊಡೆಯುತ್ತಿದ್ದರು, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಒಬ್ಬ ಗಿರಾಕಿ ದುಡ್ಡು ಕೊಡಲು ಬಂದವನು ಅವರ ಕಡೆ ಕೈ ಚಾಚಲೇ ಇಲ್ಲ. ಬಾಗಿಲ ಹತ್ತಿರ ಮುಚ್ಚಳವಿಲ್ಲದ ಒಂದು ಬಣ್ಣದ ಡಬ್ಬವಿತ್ತು. ಐನೂರರ ನೋಟು ಅದರಲ್ಲಿ ಹಾಕಿ, ತಾನೇ ಚಿಲ್ಲರೆ ಎಣಿಸಿಕೊಂಡ. ನಾನು ನೋಡುತ್ತಿದ್ದುದನ್ನು ಕಂಡು, "ಸಾಬ್ರು ಕೈಲಿ ಯಾರ ದುಡ್ಡೂ ಮುಟ್ಟಕ್ಕಿಲ್ಲ. ನೀವೇ ಆಕಿ, ನೀವೇ ತಗಳಿ," ಎಂದು ಹೇಳಿ ಹೋದ.

ನಾನು ಆ ಡಬ್ಬದ ಹತ್ತಿರವೇ ಕುಳಿತೆ. ಸಾಬರು ತಲೆಯೆತ್ತಿ, "ಬನ್ನಿ ಮಾದಪ್ನೋರೆ," ಎಂದರು. ಮನೆಗೆ ಬಂದ ನೆಂಟನನ್ನು ಕರೆದಂತೆ ಕರೆದರು. ಆಗ ಎಲ್ಲವನ್ನೂ ಹೇಳಿದೆ — ಟೋಲು, ಬಡ್ಡಿ, ಮೇಡಂ, ಕೆಂಪು ಪೆನ್ನು, ಒಂಬತ್ತನೇ ದಿನ, "ಬಂತು ಬುಡು" ಎಂದದ್ದು. ಅವರು ಬ್ರಷ್ ನಿಲ್ಲಿಸದೆ ಕೇಳಿದರು. "ಬಂತು ಬುಡು" ಎಂಬಲ್ಲಿ ಮಾತ್ರ ಬ್ರಷ್ ನಿಂತಿತು. ಕಾಲು ಹಿಡಿಯಲು ಹೋದೆ, ಹಿಂದಕ್ಕೆ ಸರಿದರು.

"ಇದ ನನ್ಗ್ಯಾಕ್ ಹೇಳ್ತೀರಿ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನ್ ತಗಂಡಿಲ್ಲ ಅಂತ ನನ್ಗೆ ಅವತ್ತೇ ಗೊತ್ತಿತ್ತು. ಗೊತ್ತಿಲ್ದೋರ್ಗೆ ಹೇಳೋಗಿ."

ಆಮೇಲೆ ತಗಡಿನ ಕಡೆ ತಿರುಗಿಕೊಂಡರು. ಕ್ಷಮಿಸಿದೆ ಎನ್ನಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಬಾರದು, ಗೊತ್ತು. ನನ್ನದು ಹೋದರೆ ಹೋಗಲಿ ಎಂದು ಈಗ ಹೇಳುತ್ತಿದ್ದೇನೆ, ಅರವತ್ತೆರಡರ ಪ್ರಾಯದಲ್ಲಿ — ಇದರಲ್ಲೂ ದೊಡ್ಡಸ್ತಿಕೆ ಏನಿಲ್ಲ. ಗೌರಮ್ಮನಿಗೆ ಮೊನ್ನೆ ಹೇಳಿದೆ. ಅವಳು ಮುಖ ತಿರುಗಿಸಿ ಒಳಗೆ ಎದ್ದು ಹೋದಳು.

ಇದನ್ನು ಇಲ್ಲಿ ಬರೆದಿಟ್ಟರೆ ಸಾಲದು. ನಾಳೆ ಹರಾಜು ಮುಗಿದ ಮೇಲೆ, ಎಲ್ಲರೂ ಟೀಗೆ ಸೇರುವ ಹೊತ್ತಿನಲ್ಲಿ, ಪುಟ್ಟಸ್ವಾಮಿಯ ಅಂಗಡಿಯ ಅದೇ ಬೆಂಚಿನ ಹತ್ತಿರ ನಿಂತು ಈ ಹಾಳೆಗಳನ್ನು ಓದುತ್ತೇನೆ. ನಡುವೆ ಓದಲಾಗದೆ ನಿಂತರೆ ಉಳಿದದ್ದನ್ನು ಬೇರೆ ಯಾರಾದರೂ ಓದಲಿ. ಮೊದಲನೆಯ ಸಾಲನ್ನು ಮಾತ್ರ ನಾನೇ ಓದಬೇಕು.