ವುಕೊಸಾವನ ಕರೆಂಟು ಕಾರು
ಉಝಿತ್ಸೆ ಊರಿನ ನಮ್ಮ ಏರುಬೀದಿಯ ನಿವೃತ್ತ ಅಂಚೆಯವನು ವುಕೊಸಾವ್; ಕಾರಿನಡಿಯಿಂದ ಹೊರಚಾಚಿದ ಅವನ ಕಾಲುಗಳನ್ನು ನೋಡಿದಷ್ಟು ನಾವು ಅವನ ಮುಖವನ್ನು ನೋಡಿಲ್ಲ. ತನ್ನ ಹಳೆಯ ಪುಟ್ಟ ಕಾರಿನ ಪೆಟ್ರೋಲ್ ಎಂಜಿನ್ ಕಿತ್ತು, ಗುಜರಿಯಿಂದ ತಂದ ಮೋಟಾರನ್ನು ತಾನೇ ಕೂರಿಸಿದ್ದಾನೆ. ಹಿಂದಿನ ಸೀಟಿನ ತುಂಬ ಬ್ಯಾಟರಿ. ಅಡುಗೆಮನೆಯ ಕಿಟಕಿಯಿಂದ ವೈರು ಇಳಿಬಿಟ್ಟು ಚಾರ್ಜಿಗೆ ಹಾಕಿದರೆ ಊರಿನ ದೀಪಗಳೆಲ್ಲ ಮಂಕಾಗುತ್ತವೆಂದು ನಾವು ಆಡಿಕೊಳ್ಳುತ್ತೇವೆ. ಕಾರು ಕೆಟ್ಟು ನಿಲ್ಲುವುದು ಯಾವಾಗಲೂ ಏರಿನ ನಡುವೆಯೇ. "ಏನಿಲ್ಲ ಕಣ್ರಯ್ಯಾ, ಒಂದು ವೈರು ಸಡಿಲ ಆಗಿದೆ ಅಷ್ಟೇ," ಎನ್ನುತ್ತಾನೆ. "ನಿನ್ನ ಕಾರು ಓಡೋದು ಕರೆಂಟಿಂದಲ್ಲ ಕಣೋ, ನಮ್ಮ ಸೊಂಟದಿಂದ!" ಎಂದು ಬೈಯುತ್ತಲೇ ಕಟುಕ ರಾಡಿಸಾವ್ ತಳ್ಳುತ್ತಾನೆ. ತಳ್ಳಿದವರಿಗೆ ಪ್ಲಮ್ ಹಣ್ಣಿನ ಬ್ರಾಂದಿ ಖಚಿತವಾದ್ದರಿಂದ ಕೈಗಳಿಗೆ ಬರವಿಲ್ಲ. "ಓಡೋ ಕಾರೊಂದನ್ನ ತಗೋಬಾರದಾ?" ಎಂದರೆ ಮಾತು ಮರೆಸುತ್ತಾನೆ. ಅವನ ಹೆಂಡತಿ ದೆಸಾಂಕಾಗೆ ಉಬ್ಬಸವೆಂದು ನಮಗೆ ಗೊತ್ತಿತ್ತು. ಪೆಟ್ರೋಲಿನ ವಾಸನೆ ತಾಗಿದರೆ ಅವಳ ಉಸಿರೇ ಕಟ್ಟುತ್ತದೆ, ಅದಕ್ಕೇ ಅವಳು ಯಾವ ಗಾಡಿಯನ್ನೂ ಹತ್ತದೆ ವರ್ಷಗಟ್ಟಲೆ ಮನೆಯಲ್ಲೇ ಉಳಿದಳು ಎಂಬುದು ತಿಳಿದದ್ದು ಮಾತ್ರ ಕಳೆದ ಭಾನುವಾರ, ಗಂಡನ ಪಕ್ಕ ಕೂತು ಝ್ಲಾತಿಬೊರ್ ಬೆಟ್ಟಕ್ಕೆ ಹೊರಡುತ್ತ ಅವಳೇ ಹೇಳಿದಾಗ. ತಳ್ಳಬೇಕಾದೀತೆಂದು ನಾವೂ ರಾಡಿಸಾವನ ವ್ಯಾನಿನಲ್ಲಿ ದೂರದಿಂದ ಹಿಂಬಾಲಿಸಿದೆವು. ಬೆಟ್ಟದ ನೆತ್ತಿ ಇನ್ನೇನು ಸಿಕ್ಕಿತು ಎನ್ನುವಾಗ ಕಾರು ನಿಂತಿತು. ನಾವು ಇಳಿದು ಓಡಿದೆವು; ವುಕೊಸಾವ್ ಆಗಲೇ ಸ್ಕ್ರೂಡ್ರೈವರ್ ಹಿಡಿದಿದ್ದ. ದೆಸಾಂಕಾ ಕಿಟಕಿಯಿಂದ ಮುಖ ಹೊರಹಾಕಿ, ಎದೆ ತುಂಬ ಉಸಿರೆಳೆದುಕೊಂಡು, "ಯಾರೂ ತಳ್ಳಬೇಡಿ. ಪೈನ್ ಮರದ ಗಾಳಿ ಎಷ್ಟು ಚೆನ್ನಾಗಿದೆ! ವುಕೊ, ಅದನ್ನ ಕೆಳಗಿಟ್ಟು ಬಂದು ಕೂತ್ಕೋ," ಎಂದಳು.